ಎಂಟನೆಯವಳ ಒಂದೇಟು

ನನ್ನ ಮೂಗು ಎಡಕ್ಕೆ ಸೊಟ್ಟಗಿದೆ. ಅದು ಹುಟ್ಟಿನಿಂದ ಬಂದದ್ದಲ್ಲ, ಅತ್ತಿಗೆಯಿಂದ ಬಂದದ್ದು. ಆಗ ಅವಳಿನ್ನೂ ನನಗೆ ಅತ್ತಿಗೆಯಾಗಿರಲಿಲ್ಲ. ಅವಳು ನೂಲಿನ ಗಿರಣಿಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಿದ್ದಳು, ನಾನು ಅಂಚೆ ಕಚೇರಿಯ ತಂಡದಲ್ಲಿ. ರಿಂಗಿಗೆ ಬಡಿದು ವಾಪಸ್ಸು ಬಂದ ಚೆಂಡಿಗೆ ಇಬ್ಬರೂ ಒಟ್ಟಿಗೆ ಹಾರಿದೆವು. ಅವಳಿಗೆ ಚೆಂಡು ಸಿಕ್ಕಿತು, ನನಗೆ ಅವಳ ಮೊಣಕೈ ಸಿಕ್ಕಿತು. ಮೂಳೆ ಮುರಿದ ಸದ್ದು ಕೊನೆಯ ಸಾಲಿನಲ್ಲಿ ಕೂತವರಿಗೂ ಕೇಳಿಸಿತಂತೆ. ಊರಲ್ಲಿ ಅವಳನ್ನು ಮೊಣಕೈ ಎಂದೇ ಕರೆಯುತ್ತಿದ್ದರು. ಈಗಲೂ ಹಾಗೇ ಕರೆಯುತ್ತಾರೆ.

ಮಾರನೆಯ ಬೆಳಿಗ್ಗೆ ಅವಳು ನಮ್ಮ ಮನೆಗೆ ಬಂದಳು. ಕ್ಷಮೆಗಿಮೆ ಏನೂ ಕೇಳಲಿಲ್ಲ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅಂಗಳದಲ್ಲಿ ನಿಂತು, "ಹೊಡಿ" ಎಂದಳು. ಗಿರಣಿಯ ಹೆಂಗಸರಲ್ಲಿ ಅದೇ ಪದ್ಧತಿಯಂತೆ. ಹೊಡೆದವಳು ಕೈಕಟ್ಟಿ ನಿಂತು ಒಂದೇ ಒಂದು ಏಟನ್ನು ವಾಪಸ್ಸು ತಿನ್ನಬೇಕು, ಆಮೇಲೆ ಆ ವಿಷಯವನ್ನು ಯಾರೂ ಎತ್ತುವಂತಿಲ್ಲ. ನಾನೇನು ಸಾಧುವೇ? ಮೂಗಿನಲ್ಲಿ ಹತ್ತಿ ತುರುಕಿಕೊಂಡು ಬಾಯಲ್ಲಿ ಉಸಿರಾಡುತ್ತಿದ್ದವಳು, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಸೇರಿಸಿ ಬಾರಿಸಿದೆ. ಅವಳ ತುಟಿ ಒಡೆದು ರಕ್ತ ಗಲ್ಲಕ್ಕೆ ಇಳಿಯಿತು. ಅದನ್ನು ತೋಳಿನಿಂದ ಒರೆಸಿಕೊಂಡು, "ಚೆನ್ನಾಗಿ ಹೊಡೀತೀಯ" ಎಂದು ನಕ್ಕಳು. ಮೆಟ್ಟಿಲ ಮೇಲೆ ಕೂತು ಶೂಗೆ ಪಾಲಿಶ್ ಹಾಕುತ್ತಿದ್ದ ನನ್ನ ಅಣ್ಣ ಆ ನಗು ನೋಡಿ ಅಲ್ಲೇ ಕೆಟ್ಟ. ಎಂಟು ತಿಂಗಳಲ್ಲಿ ಅವಳನ್ನು ಮದುವೆಯಾದ. ಪೆದ್ದ ಎಂದರೆ ಪೆದ್ದ.

ಗಿರಣಿ ಮುಚ್ಚಿದ ಮೇಲೆ ಅತ್ತಿಗೆ ಹೆಣ್ಣುಮಕ್ಕಳ ಕಾಲೇಜಿಗೆ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿ ಸೇರಿದಳು, ಸ್ವಲ್ಪ ದಿನಕ್ಕೆ ನನ್ನನ್ನೂ ಎಳೆದುಕೊಂಡಳು. ಆಟದ ಸಾಮಾನಿನ ಸ್ಟೋರು ನನ್ನದು. ಚೆಂಡಿಗೆ ಗಾಳಿ, ಗಾಯಕ್ಕೆ ಹತ್ತಿ, ಉಳುಕಿಗೆ ಐಸು, ಬೆರಳಿಗೆ ಟೇಪು. ಹುಡುಗಿಯರು ನನ್ನನ್ನು ಸ್ಟೋರಕ್ಕ ಅನ್ನುತ್ತಾರೆ, ಅತ್ತಿಗೆ ಸೊಟ್ಟಮೂಗಿ ಅನ್ನುತ್ತಾಳೆ. ಅವಳಿಗೆ ಮಕ್ಕಳಿಲ್ಲ. ಮನೆಯಲ್ಲಿ ಅಡುಗೆ ಅಣ್ಣನದು. ಅವಳಿಗೆ ಬೆಳಿಗ್ಗೆ ಎದ್ದರೆ ಕಾಲೇಜಿನ ಆಟದ ಹಾಲ್, ಸಂಜೆಯಾದರೆ ಅದೇ ಹಾಲ್. ತಂಡ ಬಿಟ್ಟರೆ ಅವಳ ಬಾಳಿನಲ್ಲಿ ಬೇರೆ ಏನೂ ಇರಲಿಲ್ಲ, ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ.

ಆದರೆ ಎಂಥ ತಂಡ! ಹೋದ ವರ್ಷ ಹನ್ನೆರಡು ಪಂದ್ಯ ಆಡಿ ಹನ್ನೊಂದು ಸೋತೆವು. ಗೆದ್ದ ಒಂದೂ ಎದುರಾಳಿಗಳ ಬಸ್ಸು ದಾರಿಯಲ್ಲಿ ಕೆಟ್ಟು ನಿಂತದ್ದರಿಂದ. ಆಡಲು ಬರುತ್ತಿದ್ದದ್ದು ಇಬ್ಬರಿಗೆ. ಒಬ್ಬಳು ಆರಡಿಯ ಕ್ಯಾಪ್ಟನ್, ಅವಳಿಗೆ ಏಣಿ ಎಂದು ಹೆಸರು. ಇನ್ನೊಬ್ಬಳು ಅವಳ ಎದೆಯವರೆಗೂ ಬಾರದ ಗೋಲಿ. ಯಾರ ಕಾಲ ಸಂದಿಯಲ್ಲಾದರೂ ನುಸುಳಿ ಚೆಂಡನ್ನು ಆ ತುದಿಗೆ ಒಯ್ಯುತ್ತಿದ್ದಳು. ಕೊನೆಯ ಪಂದ್ಯದಲ್ಲಿ ಗೋಲಿ ಕೊಟ್ಟ ಚೆಂಡು ಏಣಿಯ ಕೈಯಿಂದ ಜಾರಿತು, ಒಂದೇ ಒಂದು ಅಂಕದಿಂದ ಸೋತೆವು.

ಪಂದ್ಯ ಮುಗಿದು ಉಳಿದವರು ಮನೆಗೆ ಹೋಗಿದ್ದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಇವರಿಬ್ಬರೇ. ನಾನು ಐಸಿನ ಬಕೆಟ್ ಹಿಡಿದು ಹೋಗುವಷ್ಟರಲ್ಲಿ ಒಳಗೆ ಶುರುವಾಗಿತ್ತು. "ಅಷ್ಟುದ್ದ ಕೈ ಇಟ್ಕೊಂಡು ಒಂದು ಚೆಂಡು ಹಿಡಿಯೋಕಾಗಲ್ವಾ ನಿಂಗೆ," ಎಂದು ಗೋಲಿ ಕಿರುಚುತ್ತಿದ್ದಳು. ಆಮೇಲೆ ಕೆನ್ನೆಗೆ ಬಿದ್ದ ಸದ್ದು. ಯಾರೋ ಬೆಂಚಿಗೆ ಎಡವಿ ಬಿದ್ದ ಸದ್ದು. ಮೇಲ್ಗಡೆ ಅಂಗೈಯಗಲ ಗಾಜಿದ್ದ ಬಾಗಿಲ ಹೊರಗೆ ಅತ್ತಿಗೆ ನಿಂತಿದ್ದಳು, ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಪಾದವನ್ನು ಚೌಕಟ್ಟಿಗೆ ಒತ್ತಿಕೊಂಡು.

"ಬಿಡಿಸು ಅತ್ತಿಗೆ," ಅಂದೆ.

"ಸುಮ್ನಿರು. ಹೊಟ್ಟೇಲಿರೋದೆಲ್ಲ ಹೊರಗೆ ಬಂದ್ಬಿಡ್ಲಿ. ಎರಡು ನಿಮಿಷ."

ಇದೂ ಗಿರಣಿಯದೇ ಬುದ್ಧಿ. ಅಲ್ಲಿ ಜಗಳವಾಡಿದ ಇಬ್ಬರನ್ನು ಹತ್ತಿಯ ಗೋದಾಮಿಗೆ ನೂಕಿ ಹೊರಗಿನಿಂದ ಚಿಲಕ ಹಾಕುತ್ತಿದ್ದರಂತೆ, ಹೊಡೆದಾಡಿ ಸುಸ್ತಾದ ಮೇಲೆ ಹೆಗಲ ಮೇಲೆ ಕೈ ಹಾಕಿಕೊಂಡು ಬರುತ್ತಿದ್ದರಂತೆ. ಹತ್ತಿಯ ಮೂಟೆಯ ಮೇಲೆ ಬಿದ್ದರೆ ಯಾರಿಗೇನಾಗುತ್ತದೆ? ನಮ್ಮ ಕೋಣೆಯಲ್ಲಿ ಇದ್ದದ್ದು ಕಬ್ಬಿಣದ ಲಾಕರುಗಳು. ಒಳಗಿನಿಂದ ಯಾರೋ ಹಿಡಿಕೆಯನ್ನು ಎಳೆದರು. ಅತ್ತಿಗೆ ಬಿಡಲಿಲ್ಲ. ಇನ್ನೊಮ್ಮೆ ಎಳೆದರು, ಬಾಗಿಲು ಗಡಗಡ ಅಂದಿತು, ಆಗಲೂ ಬಿಡಲಿಲ್ಲ. ಆಮೇಲೆ ಲಾಕರಿನ ಬಾಗಿಲು ಬಡಿದ ಸದ್ದು, ಅದರ ಹಿಂದೆಯೇ ಇನ್ನೊಂದು ಸದ್ದು. ಅದನ್ನು ಕೇಳಿದ್ದೇ ನನ್ನ ಮೂಗಿನ ಮೂಳೆ ಚುರುಕ್ ಅಂದಿತು.

ಒಳಗೆ ಹೋದಾಗ ಗೋಲಿ ನೆಲದ ಮೇಲಿದ್ದಳು. ಕೆಳದವಡೆ ಒಂದು ಪಕ್ಕಕ್ಕೆ ಸರಿದುಹೋಗಿತ್ತು. ಬಾಯಿ ಮುಚ್ಚಲಾಗದೆ ರಕ್ತ, ಜೊಲ್ಲು ಒಟ್ಟಿಗೆ ಸುರಿಯುತ್ತಿತ್ತು. ಎರಡು ಹಲ್ಲು ಬೆಂಚಿನ ಕೆಳಗೆ ಬಿದ್ದಿದ್ದವು. ಏಣಿ ಗೋಡೆಗೆ ಒರಗಿ ನಿಂತಿದ್ದಳು. ಅತ್ತಿಗೆ ಗೋಲಿಯನ್ನು ಎತ್ತಿಕೊಂಡು ಓಡಿದಳು, ಆಸ್ಪತ್ರೆಯವರೆಗೂ ಅವಳ ದವಡೆಯನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದಳು.

ವಿಚಾರಣೆ ನಡೆಯಿತು. "ಸದ್ದು ಕೇಳಿ ಓಡಿ ಬಂದ್ವಿ, ಅಷ್ಟರಲ್ಲಿ ಆಗಿಹೋಗಿತ್ತು," ಎಂದಳು ಅತ್ತಿಗೆ. ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ, ಹೌದಾ ಎಂದರು. ಹೌದು ಎಂದೆ. ಆ ಹೌದು ನನ್ನ ಬಾಯಿಂದಲೇ ಬಂದದ್ದು, ಯಾರೂ ನನ್ನ ಕತ್ತು ಹಿಸುಕಿ ಹೇಳಿಸಲಿಲ್ಲ. ಗೋಲಿಯ ದವಡೆಗೆ ತಂತಿ ಬಿಗಿದಿದ್ದರು, ಆರು ವಾರ ಅವಳು ಕೊಳವೆಯಲ್ಲಿ ಗಂಜಿ ಕುಡಿದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ತಂಡ ಚೆಲ್ಲಾಪಿಲ್ಲಿಯಾಯಿತು. ಐದು ಜನರ ಓದು ಮುಗಿದಿತ್ತು. ನಾಲ್ವರನ್ನು ಅಪ್ಪ ಅಮ್ಮ ಬಿಡಿಸಿದರು. ಪ್ರಿನ್ಸಿಪಾಲರು ಅತ್ತಿಗೆಯನ್ನು ಕರೆದು, ತಿಂಗಳ ಕೊನೆಯ ಶನಿವಾರದೊಳಗೆ ಎಂಟು ಆಟಗಾರ್ತಿಯರ ಹೆಸರು, ಸಹಿ ಇರುವ ಹಾಳೆ ಮೇಜಿನ ಮೇಲಿರಬೇಕು, ಇಲ್ಲದಿದ್ದರೆ ತಂಡ ಬಂದ್, ಹಾಲ್‌ನಲ್ಲಿ ಪರೀಕ್ಷೆಯ ಬೆಂಚು ಹಾಕಿಸುತ್ತೇನೆ ಎಂದರು. ತಂಡವಿಲ್ಲದ ಮೇಲೆ ಕೋಚ್ ಎಲ್ಲಿಯ ಕೋಚ್?

ಅತ್ತಿಗೆ ಆಯ್ಕೆ ಮಾಡುವ ರೀತಿಯನ್ನು ನೀವು ನೋಡಬೇಕಿತ್ತು. ಕಾಲೇಜಿನ ಮೆಟ್ಟಿಲ ಬುಡದಲ್ಲಿ ಚೆಂಡು ಹಿಡಿದು ನಿಲ್ಲುವಳು. ಪಾಠ ಬಿಟ್ಟು ಹುಡುಗಿಯರು ಇಳಿದು ಬರುತ್ತಿದ್ದಂತೆ ಒಬ್ಬೊಬ್ಬರ ಎದೆಗೆ ಗುರಿಯಿಟ್ಟು ಎಸೆಯುವಳು. ತಲೆ ತಗ್ಗಿಸಿದವರನ್ನು ಬಿಟ್ಟಳು, ಅಮ್ಮಾ ಎಂದವರನ್ನು ಬಿಟ್ಟಳು, ಹಿಡಿದವರ ಹೆಸರು ಬರೆದುಕೊಂಡಳು. ಗುಂಡು ಎಸೆಯುವ ಒಬ್ಬಳು ಚೆಂಡು ಹಿಡಿದದ್ದಲ್ಲದೆ ಎರಡರಷ್ಟು ಜೋರಾಗಿ ವಾಪಸ್ಸು ಎಸೆದಳು. ಅದು ಅತ್ತಿಗೆಯ ಹೊಟ್ಟೆಗೆ ಬಡಿದು, ಅವಳು ಮೂರನೆಯ ಮೆಟ್ಟಿಲ ಮೇಲೆ ಕುಕ್ಕರಿಸಿದಳು. "ಬಾರೇ ನನ್ನ ಬಂಗಾರ," ಎಂದು ಉಸಿರು ಸಿಕ್ಕಿದ ಮೇಲೆ ಕರೆದಳು. ಮೂರು ದಿನದಲ್ಲಿ ಆರು ಜನ ಸಿಕ್ಕರು. ನಾಲ್ಕನೆಯ ದಿನ ಒಬ್ಬಳ ಕನ್ನಡಕ ಒಡೆದು ಹುಬ್ಬಿಗೆ ಹೊಲಿಗೆ ಬಿತ್ತು. ಮೆಟ್ಟಿಲ ಹತ್ತಿರ ಚೆಂಡು ಕಂಡರೆ ಜಾಗ್ರತೆ ಎಂದು ಪ್ರಿನ್ಸಿಪಾಲರು ಗುಡುಗಿದರು.

ಆ ಆರು ಜನರ ಮೊದಲ ವಾರದ ಅಭ್ಯಾಸಕ್ಕೆ ನನ್ನ ಸ್ಟೋರಿನ ಹತ್ತಿಯೆಲ್ಲ ಖರ್ಚಾಯಿತು. ಒಬ್ಬಳ ಕಿರುಬೆರಳು ಹಿಂದಕ್ಕೆ ಮಡಿಚಿತು, ಇನ್ನೊಬ್ಬಳು ಗುಂಡಿನ ಹುಡುಗಿಯ ಭುಜಕ್ಕೆ ಹಲ್ಲೂರಿದಳು. ಏಣಿಯೂ ಬಂದಳು, ಆದರೆ ಚೆಂಡು ಹತ್ತಿರ ಬಂದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಏಳು ಜನ ಏಳು ದಿಕ್ಕಿಗೆ ಓಡುತ್ತಿದ್ದರು.

"ಎಂಟನೆಯವಳು ಅವಳೇ ಆಗ್ಬೇಕು," ಎಂದಳು ಅತ್ತಿಗೆ. "ನಡಿ, ಹೋಗ್ಬರೋಣ."

ಗೋಲಿಯ ಅಪ್ಪ ದರ್ಜಿ. ಮುಂದಿನ ಕೋಣೆಯೇ ಅಂಗಡಿ, ಹೊಲಿಗೆ ಯಂತ್ರದ ಸುತ್ತ ಬಟ್ಟೆಯ ಚೂರುಗಳು. ನಮ್ಮನ್ನು ಕಂಡದ್ದೇ ತಡ, ಮರದ ಅಳತೆ ಕಡ್ಡಿ ಎತ್ತಿ ಅತ್ತಿಗೆಯ ಭುಜಕ್ಕೆ ಬಾರಿಸಿದ. ಇನ್ನೊಂದು ಬಿತ್ತು, ಕಡ್ಡಿ ಎರಡಾಯಿತು. ಅತ್ತಿಗೆ ಅಲುಗಲಿಲ್ಲ. ನಾನು ನಡುವೆ ನುಗ್ಗಹೋದೆ, ನನ್ನನ್ನು ಪಕ್ಕಕ್ಕೆ ತಳ್ಳಿದಳು.

"ನನ್ನ ಮಗಳು ನಿದ್ದೇಲೂ ಬಾಯಿ ಹಿಡ್ಕೊಂಡು ಮಲಗ್ತಾಳೆ. ಯಾವ ಮುಖ ಇಟ್ಕೊಂಡು ಬಂದ್ರಿ?" ಎಂದ ಆತ.

ಪರದೆಯ ಹಿಂದಿನಿಂದ ಗೋಲಿ ಬಂದಳು. ಮುಖ ಸೊರಗಿತ್ತು. ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು, ಮಾತು ಹಲ್ಲಿನ ಸಂದಿಯಿಂದ ಬರುತ್ತಿತ್ತು.

"ಬರ್ತೀನಿ ಮೇಡಂ. ಆದ್ರೆ ನೀವು ಹೇಳ್ತಿದ್ರಲ್ಲ, ಗಿರಣಿ ಲೆಕ್ಕ. ನಂಗೆ ಒಂದೇಟು ಬರ್ಬೇಕು."

ಅತ್ತಿಗೆಯ ಮುಖ ಅರಳಿತು. ಎರಡು ತಿಂಗಳಲ್ಲಿ ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಮಾತಾಡಿದ ಮೊದಲನೆಯವಳು ಇವಳೇ. "ಕೊಡಿಸ್ತೀನಿ. ಏಣಿಗೆ ನಾನು ಹೇಳ್ತೀನಿ," ಎಂದಳು. ಗೋಲಿ ಅವಳನ್ನೇ ನೋಡಿದಳು. ನಾನು ಮುರಿದ ಕಡ್ಡಿಯ ಚೂರು ಎತ್ತಿ ಹೊಲಿಗೆ ಯಂತ್ರದ ಮೇಲಿಟ್ಟೆ.

ಕೊನೆಯ ಶನಿವಾರ ಬೆಳಿಗ್ಗೆ ಎಲ್ಲರೂ ಹಾಲ್‌ಗೆ ಬಂದರು. ಹೊಸಬರು ಆರು ಜನ ಗೋಡೆಗೆ ಸಾಲಾಗಿ ನಿಂತರು. ಗೋಲಿ ಬಲಗೈಯನ್ನು ನನ್ನ ಮುಂದೆ ಚಾಚಿದಳು. ಗೆಣ್ಣು ಒಡೆಯದಂತೆ ಟೇಪು ಸುತ್ತಿದೆ. ಏಣಿ ರಿಂಗಿನ ಕೆಳಗೆ ಕೈ ಹಿಂದೆ ಕಟ್ಟಿ, ಗೋಲಿಗೆ ಎಟುಕಲಿ ಎಂದು ಮಂಡಿ ಬಗ್ಗಿಸಿ, ಕಣ್ಣು ಮುಚ್ಚಿ ನಿಂತಿದ್ದಳು.

ಗೋಲಿ ಅವಳ ಮುಂದೆ ಹೋಗಿ ನಿಂತಳು. ಒಂದು ಗಳಿಗೆ ನೋಡಿದಳು. ಆಮೇಲೆ ಅವಳನ್ನು ದಾಟಿ, ಕಂಬದ ಮುಂದೆ ನಿಂತಿದ್ದ ಅತ್ತಿಗೆಯ ಹತ್ತಿರ ಬಂದಳು.

"ಕೈ ಹಿಂದೆ ಕಟ್ಕೊಳ್ಳಿ ಮೇಡಂ."

ಅತ್ತಿಗೆ ಏಣಿಯ ಕಡೆ ಬೆರಳು ತೋರಿಸಿದಳು, ಗೋಲಿ ಅಲ್ಲ ಎಂದು ತಲೆಯಾಡಿಸಿದಳು.

"ಅವಳು ಹೊಡೆಯೋಕೆ ಶುರು ಮಾಡ್ದಾಗ ನಾನು ಬಾಗಿಲಿಗೆ ಓಡ್ದೆ. ಎರಡು ಸಲ ಎಳೆದೆ. ಬಾಗಿಲ ಗಾಜಲ್ಲಿ ನಿಮ್ಮ ಮುಖ ಕಾಣಿಸ್ತು. ನೀವೂ ನನ್ನ ನೋಡಿದ್ರಿ."

ಅತ್ತಿಗೆಯ ಮೊಣಕೈ ತಾನಾಗಿ ಮೇಲೆದ್ದಿತು. ಮೂವತ್ತು ವರ್ಷದ ಅಭ್ಯಾಸ, ಎದುರು ನಿಂತವರ ಕೈ ಬಿಗಿಯಾದರೆ ಅವಳ ಮೊಣಕೈ ಕೇಳದೆ ಏಳುತ್ತದೆ. ಈ ಹುಡುಗಿಯ ದವಡೆ ಇನ್ನೊಮ್ಮೆ ಹೋಯಿತು ಎಂದುಕೊಂಡೆ. ಆದರೆ ಅದು ಅರ್ಧಕ್ಕೆ ನಿಂತಿತು, ನಿಧಾನವಾಗಿ ಇಳಿಯಿತು. ಅತ್ತಿಗೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ನೋಡ್ದೆ ಕಣೆ," ಎಂದಳು. "ಹೊಡಿ."

ಗೋಲಿ ಹೊಡೆದಳು. ಸಣ್ಣ ಮೈ, ಆದರೆ ಎರಡು ತಿಂಗಳು ಕುದ್ದ ಏಟು. ಅತ್ತಿಗೆಯ ತಲೆ ಹಿಂದಕ್ಕೆ ಹೋಗಿ ಕಂಬಕ್ಕೆ ಬಡಿಯಿತು, ಕಾಲು ಕುಸಿಯಿತು. ನೆಲದ ಮೇಲೆ ಕೂತು ಉಗುಳಿದಳು, ರಕ್ತದ ಜೊತೆ ಮುಂದಿನ ಹಲ್ಲು ಬಂತು. ಏಣಿ ಜೋರಾಗಿ ಅಳತೊಡಗಿದಳು.

"ಮುಗೀತಾ?" ಎಂದಳು ಅತ್ತಿಗೆ.

"ಮುಗೀತು ಮೇಡಂ. ಹಾಳೆ ಕೊಡಿ."

ಎಂಟನೆಯ ಸಾಲಿನಲ್ಲಿ ಗೋಲಿ ತನ್ನ ಹೆಸರು ಬರೆದು ಸಹಿ ಹಾಕಿದಳು. ಆಮೇಲೆ ಟೇಪು ಬಿಚ್ಚಿಸಿಕೊಳ್ಳಲು ನನ್ನ ಮುಂದೆ ಬಂದು ಕೈ ಚಾಚಿದಳು. ನಾನು ಅಂಟು ಬಿಡಿಸತೊಡಗಿದೆ.

"ನೀವೂ ಹಿಂದೆ ನಿಂತಿದ್ರಿ ಅಲ್ವಾ ಸ್ಟೋರಕ್ಕ," ಎಂದಳು, ನನಗೊಬ್ಬಳಿಗೇ ಕೇಳಿಸುವಷ್ಟು ಮೆತ್ತಗೆ. "ಒಂದೇ ಏಟು ಅಂತ ಮಾತಾಗಿತ್ತು. ಅದಕ್ಕೆ ಬಿಟ್ಟೆ."

ಹೊಡೆದಿದ್ದರೆ ಎಷ್ಟೋ ವಾಸಿಯಾಗಿತ್ತು. ನಾಚಿಕೆಯಿಂದ ನನಗೆ ಭೂಮಿಗಿಳಿದು ಹೋದಂತಾಯಿತು.

ಅತ್ತಿಗೆ ಬಾಯಿಗೆ ಹತ್ತಿ ಒತ್ತಿಕೊಂಡು ಹಾಳೆ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ನಡೆದಳು. ನಾನೂ ಹಿಂದೆ ಹೋದೆ. ಅವಳ ಮುಖ ನೋಡಿ ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಆಟದಲ್ಲಿ ತಗುಲ್ತು ಸರ್. ಮೊದ್ಲು ಇದನ್ನ ನೋಡಿ," ಎಂದು ಹಾಳೆಯನ್ನು ಮುಂದಿಟ್ಟಳು. ಅವರು ಎಂಟೂ ಹೆಸರನ್ನು ಓದಿ, ಸಹಿ ಹಾಕಿ, ಸೀಲು ಒತ್ತಿದರು. ಅತ್ತಿಗೆ ಹಾಳೆಯನ್ನು ವಾಪಸ್ಸು ತೆಗೆದುಕೊಂಡು ಸೀಲು ಸರಿಯಾಗಿ ಮೂಡಿದೆಯೇ ಎಂದು ನೋಡಿದಳು, ಅದನ್ನು ಗುಮಾಸ್ತೆಯ ಕೈಗೆ ಕೊಟ್ಟಳು, ಅವಳು ಹೊರಗೆ ಹೋಗುವವರೆಗೂ ಕಾದಳು.

"ಆ ದಿನ ಬಾಗಿಲು ತೆಗೆಯದ ಹಾಗೆ ಹಿಡ್ಕೊಂಡಿದ್ದೋಳು ನಾನು ಸರ್," ಎಂದಳು. "ಹುಡುಗಿ ಎಳೀತಿದ್ಲು, ನಾನು ಬಿಡ್ಲಿಲ್ಲ. ವಿಚಾರಣೇಲಿ ಸುಳ್ಳು ಹೇಳ್ದೆ. ಕೋಚ್ ಜಾಗಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಇವಳಿಗೆ ಏನೂ ಗೊತ್ತಿಲ್ಲ, ಇವಳನ್ನ ಬಿಟ್ಬಿಡಿ."

ಪ್ರಿನ್ಸಿಪಾಲರು ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಅಂದಿನ ಹಾಗೆಯೇ, "ಹೌದಾ?" ಎಂದರು. ಅತ್ತಿಗೆ ಕಣ್ಣಲ್ಲೇ ನನ್ನನ್ನು ಗದರುತ್ತಿದ್ದಳು.

"ಇಲ್ಲ ಸರ್," ಅಂದೆ. "ನಾನೂ ಅಲ್ಲೇ ನಿಂತಿದ್ದೆ."