ಗೋಡೆಯ ಮೇಲಿನ ಅಮ್ಮ

ಅಕ್ಕ ಅರಸೀಕೆರೆಯಿಂದ ಬಂದಾಗಲೆಲ್ಲ ಒಂದು ದಿನ ನಾವಿಬ್ಬರೂ ಮೈಸೂರು ಸುತ್ತುತ್ತೇವೆ. ಟಿಕೆಟ್ ಕೊಳ್ಳಬೇಕಾದ ಕಡೆ ಹೋಗಬಾರದೆಂಬುದು ಅವಳ ನಿಯಮ. ಅದು ಜಿಪುಣತನವಲ್ಲ. ಒಳಗೆ ಹೋದರೆ ಹಿಂದಿನವರು ತಳ್ಳುತ್ತಾರೆ, ಯಾವುದನ್ನೂ ನೆಟ್ಟಗೆ ನೋಡಲು ಬಿಡುವುದಿಲ್ಲ ಎಂಬುದು ಅವಳ ದೂರು. ಬೀದಿಯಲ್ಲಿರುವುದನ್ನಾದರೆ ಮನಸ್ಸು ತುಂಬುವವರೆಗೆ ನೋಡಬಹುದು. ಈಗ ಹೆಂಗಸರಿಗೆ ಬಸ್ಸೂ ಉಚಿತ. ಆಧಾರ್ ಕಾರ್ಡು, ಒಂದು ಡಬ್ಬಿ ಚಿತ್ರಾನ್ನ, ನೀರಿನ ಬಾಟಲಿ ಇದ್ದರೆ ನಮ್ಮ ಪ್ರವಾಸ ಹೊರಟಂತೆ.

ಹೋದ ಚಳಿಗಾಲದಲ್ಲಿ ಹಾಗೇ ಹೊರಟೆವು. ಹೂಟಗಳ್ಳಿಯ ನಮ್ಮ ಮನೆಯಿಂದ ಬಸ್ಸು ಹಿಡಿದು ಪೇಟೆಯಲ್ಲಿಳಿದು, ದೊಡ್ಡ ಗಡಿಯಾರದ ಕಂಬವನ್ನು ಸುತ್ತು ಹಾಕಿದೆವು. ವೃತ್ತದ ಮಂಟಪದ ಕೆಳಗೆ ನಿಂತಿರುವ ಮಹಾರಾಜರ ಅಮೃತಶಿಲೆಯ ಮುಖವನ್ನು ಅಕ್ಕ ಎಲ್ಲ ದಿಕ್ಕುಗಳಿಂದಲೂ ಪರೀಕ್ಷಿಸಿದಳು. ಅರಮನೆಯನ್ನು ಹೊರಗಿನಿಂದಲೇ, ಕಂಬಿಗಳ ಸಂದಿಯಲ್ಲಿ ನೋಡಿದೆವು. ಮರದ ನೆರಳಲ್ಲಿ ಕೂತು ಚಿತ್ರಾನ್ನ ತಿಂದೆವು. ಡಬ್ಬಿ ಮುಚ್ಚುತ್ತಾ ಅಕ್ಕ, ಇಲ್ಲಿಂದ ಅಗ್ರಹಾರ ಎಷ್ಟು ದೂರ, ನಾವು ಹುಟ್ಟಿ ಬೆಳೆದ ಬೀದಿ ನೋಡಿಕೊಂಡು ಹೋಗೋಣ ಅಂದಳು.

ನಾನು ಬೇಡವೆಂದೆ. ಆ ಕಡೆ ಕಾಲಿಟ್ಟು ಎರಡು ವರ್ಷವಾಗಿತ್ತು. ಯಾಕೆಂದು ಕೇಳಿದಳು, ಹೇಳಿದೆ.

ಕಾರ್ಖಾನೆಯ ಉಗ್ರಾಣದಲ್ಲಿ ದಿನವೆಲ್ಲ ಪೆಟ್ಟಿಗೆ ಎಣಿಸುವ ನಾನು ಸಂಜೆ ಚಿತ್ರಕಲೆಯ ತರಗತಿಗೆ ಸೇರಿದ್ದೆ. ಅಲ್ಲಿ ಒಬ್ಬ ಗೆಳತಿ ಸಿಕ್ಕಿದಳು. ಶಾಲಾ ಶಿಕ್ಷಕಿ, ನನ್ನದೇ ವಯಸ್ಸು. ಬೀದಿ ಗೋಡೆಗಳ ಮೇಲೆ ಚಿತ್ರ ಬರೆಸುವ ಕಾರ್ಯಕ್ರಮವೊಂದು ಬಂದಾಗ ನಮ್ಮಿಬ್ಬರಿಗೂ ಸೇರಿ ಅಗ್ರಹಾರದ ಒಂದು ಉದ್ದನೆಯ ಕಾಂಪೌಂಡು ಸಿಕ್ಕಿತು. ಏನು ಬರೆಯುವುದೆಂದು ಅವಳಿಗೆ ತೋಚಲಿಲ್ಲ. ನಾನು ಅಮ್ಮನನ್ನು ಬರೆದೆ. ಜಗಲಿಯ ಮೇಲೆ ಕಾಲು ಚಾಚಿ ಕೂತು, ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು ಮಲ್ಲಿಗೆ ಕಟ್ಟುವ ಅಮ್ಮ. ಮುರಿದ ಕನ್ನಡಕದ ಕಡ್ಡಿಗೆ ಅವಳು ಸುತ್ತಿಕೊಳ್ಳುತ್ತಿದ್ದ ಬಿಳಿ ನೂಲನ್ನೂ ಬಿಡದೆ ಬರೆದೆ. ಗೆಳತಿ ಹಿಂದಿನ ಬಾಗಿಲು, ಕಿಟಕಿ, ಆಕಾಶಕ್ಕೆ ಬಣ್ಣ ತುಂಬಿದಳು. ನಾಲ್ಕು ಭಾನುವಾರ ಹಿಡಿಯಿತು. ಕೆಳಗೆ ಬಲಮೂಲೆಯಲ್ಲಿ ಇಬ್ಬರ ಹೆಸರನ್ನೂ ಬರೆದೆವು.

ತಿಂಗಳು ಕಳೆದಿರಲಿಲ್ಲ, ಗೆಳತಿ ಒಬ್ಬಟ್ಟು ಕಟ್ಟಿಕೊಂಡು ನಮ್ಮ ಮನೆಗೆ ಬಂದಳು. ಚರಂಡಿ ಕೆಲಸಕ್ಕೆಂದು ಗೋಡೆ ಒಡೆದುಬಿಟ್ಟರಂತೆ. ನೀನು ಹೋಗಿ ನೋಡಬೇಡ, ಸಂಕಟವಾಗುತ್ತದೆ ಅಂದಳು. ನಾನು ಅತ್ತೆ. ಅವಳು ನನ್ನ ಬೆನ್ನು ಸವರುತ್ತಾ ಅರ್ಧ ದಿನ ಜೊತೆಯಲ್ಲೇ ಇದ್ದಳು. ಆಮೇಲೂ ಮಾತಿನ ನಡುವೆ ಗೋಡೆಯ ವಿಷಯ ಬಂದಾಗಲೆಲ್ಲ ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು.

ಅಕ್ಕ ಇಷ್ಟನ್ನೂ ಕೇಳಿ, ಗೋಡೆ ಹೋದರೆ ಬೀದಿಯೂ ಹೋಯಿತೇನು ಎಂದು ಎದ್ದಳು. ನಡೆದೆವು. ಹಾಲಿನ ಅಂಗಡಿ ದಾಟಿ ತಿರುಗಿದ ಕೂಡಲೇ ಅಕ್ಕ ನಿಂತುಬಿಟ್ಟಳು.

"ಅಮ್ಮ ಅಲ್ವೇನೇ ಅದು?"

ಗೋಡೆ ಇತ್ತು. ಒಂದು ಇಟ್ಟಿಗೆಯೂ ಅಲುಗಿರಲಿಲ್ಲ. ಬಿಸಿಲಿಗೆ ಆಕಾಶ ಸ್ವಲ್ಪ ಮಾಸಿತ್ತು, ಅಷ್ಟೆ. ಮೊದಲು ನನಗಾದದ್ದು ಸಂತೋಷ. ಚರಂಡಿಯವರು ಮನಸ್ಸು ಬದಲಿಸಿರಬೇಕು, ಗೆಳತಿಗೆ ತಪ್ಪು ಸುದ್ದಿ ಬಂದಿರಬೇಕು, ಈಗಲೇ ಫೋನ್ ಮಾಡಿ ಹೇಳಬೇಕು ಅಂದುಕೊಂಡೆ. ಅಕ್ಕ ಗೋಡೆಯ ಹತ್ತಿರ ಹೋಗಿ ಅಮ್ಮನ ಹೆಬ್ಬೆರಳನ್ನು ಮುಟ್ಟಿ ಕಣ್ಣೊರೆಸಿಕೊಂಡಳು. ಆಮೇಲೆ ಬಲಮೂಲೆಗೆ ಬಗ್ಗಿ, ನಿನ್ನ ಹೆಸರು ಎಲ್ಲಿ ಎಂದು ಕೇಳಿದಳು.

ಮೂಲೆಯಲ್ಲಿ ಗೆಳತಿಯ ಹೆಸರೊಂದೇ ಇತ್ತು. ನನ್ನ ಹೆಸರಿದ್ದ ಜಾಗದಲ್ಲಿ ತುಳಸಿ ಗಿಡದ ಒಂದು ಕುಂಡ. ಅವಳದೇ ಕೈ. ಎಲೆಯ ಅಂಚಿಗೆ ಹಳದಿ ಎಳೆಯುವ ಅಭ್ಯಾಸ ನಮ್ಮ ತರಗತಿಯಲ್ಲಿ ಅವಳೊಬ್ಬಳಿಗೇ ಇದ್ದದ್ದು. ಅವಸರದಲ್ಲಿ ಬಳಿದದ್ದಲ್ಲ. ಕೂತು, ಸಮಾಧಾನವಾಗಿ, ಚೆನ್ನಾಗಿ ಬರೆದಿದ್ದಳು.

ಎದುರು ಮನೆಯ ಹೆಂಗಸು ನಾವು ನೋಡುವುದನ್ನು ಕಂಡು ಹೊರಗೆ ಬಂದರು. ಚಿತ್ರ ಮುಗಿದ ಮೇಲೆ ಆ ಮನೆಗೆ ಬಂದವರಿರಬೇಕು, ಅವರಿಗೆ ನನ್ನ ಗುರುತಿರಲಿಲ್ಲ. ಆ ಮೇಡಂ ತಮ್ಮ ತಾಯಿಯ ಚಿತ್ರ ಬರೆದದ್ದಂತೆ, ಇಲ್ಲೇ ಶಾಮಿಯಾನ ಹಾಕಿ ಅವರಿಗೆ ಶಾಲು ಹೊದಿಸಿದರು, ಮಾತಾಡುವಾಗ ಪಾಪ ಅತ್ತುಬಿಟ್ಟರು ಎಂದು ಅಭಿಮಾನದಿಂದಲೇ ಹೇಳಿದರು. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ನಾನು ಅವಳ ತೋಳು ಹಿಡಿದು ಎಳೆದೆ. ಆ ಹೆಂಗಸಿನ ಮುಂದೆ ನನಗೆ ಯಾಕೋ ನಾಚಿಕೆಯಾಗಿತ್ತು, ಕದ್ದವಳು ನಾನೇ ಎಂಬಂತೆ.

ಗೆಳತಿಯ ಮನೆ ಅಲ್ಲಿಂದ ಎರಡು ಬೀದಿ. ನೇರವಾಗಿ ಹೋದೆವು. ಬಾಗಿಲು ತೆರೆದವಳು ನನ್ನನ್ನೂ ಅಕ್ಕನನ್ನೂ ನೋಡಿ ನಗುತ್ತಾ ಒಳಗೆ ಕರೆದಳು. ಗೋಡೆ ನೋಡಿಕೊಂಡು ಬಂದೆ ಎಂದೆ. ಅವಳು ಅಲ್ಲೇ ಕುರ್ಚಿಯ ಬೆನ್ನು ಹಿಡಿದುಕೊಂಡಳು. ನಿಧಾನವಾಗಿ ಎಲ್ಲ ಹೇಳಿದಳು. ಸನ್ಮಾನಕ್ಕೆ ಒಬ್ಬರ ಹೆಸರು ಸಾಕೆಂದು ಕಾರ್ಯಕ್ರಮದವರು ಅಂದರಂತೆ. ಶಾಲೆಯಲ್ಲಿ ತನ್ನನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿರಲಿಲ್ಲವಂತೆ. ನನಗೆ ಇಂಥದ್ದರಲ್ಲೆಲ್ಲ ಆಸೆ ಇಲ್ಲವೆಂದು ಅಂದುಕೊಂಡಳಂತೆ. ಚಿತ್ರದಲ್ಲಿರುವುದು ತನ್ನ ತಾಯಿಯೆಂದು ಒಮ್ಮೆ ಹೇಳಿದ ಮೇಲೆ ಹಿಂದಕ್ಕೆ ಬರಲು ಆಗಲಿಲ್ಲವಂತೆ.

"ಹೆಸರು ಹೋಗ್ಲಿ ಬುಡು," ಅಂದೆ. "ನಮ್ಮಮ್ಮನ್ನ ಒಡೆದಾಕ್ಬುಟ್ರು ಅಂತ ನನ್ನ ಮುಂದೆ ಕೂತ್ಕೊಂಡು ಎಂಗೆ ಹೇಳ್ದೆ?"

ಅವಳು ಅಳತೊಡಗಿದಳು. ನಾಳೆಯೇ ಹೋಗಿ ನಿನ್ನ ಹೆಸರು ಬರೆಯುತ್ತೇನೆ ಅಂದಳು. ಅವಳ ಅಳುವನ್ನು ನೋಡುತ್ತಾ ನಿಂತ ನನಗೆ, ನನ್ನ ಬೆನ್ನು ಸವರಿದ ಆ ಅರ್ಧ ದಿನ ಮಾತ್ರ ಕಣ್ಣ ಮುಂದೆ ಬರುತ್ತಿತ್ತು. ಆಗ ಅವಳ ಕಣ್ಣಲ್ಲೂ ನೀರಿತ್ತು. ಆ ನೀರು ಯಾವುದು, ಈ ನೀರು ಯಾವುದು ಎಂದು ಗೊತ್ತಾಗದೆ ಹೊರಗೆ ಬಂದುಬಿಟ್ಟೆ.

ಗೆಳತಿ ಮಾತಿಗೆ ತಪ್ಪಲಿಲ್ಲ. ಒಂದು ವಾರದಲ್ಲಿ ನನ್ನ ಹೆಸರು ಗೋಡೆಗೆ ಬಂತು, ಅವಳದಕ್ಕಿಂತ ಮೇಲೆ, ದೊಡ್ಡ ಅಕ್ಷರಗಳಲ್ಲಿ. ಫೋಟೋ ಕಳಿಸಿದಳು. ಎದುರು ಮನೆಯವರಿಗೂ ನಿಜ ಹೇಳಿದ್ದೇನೆ ಎಂದು ಕೆಳಗೆ ಬರೆದಿದ್ದಳು. ಅದನ್ನು ಬರೆಯಲು ಅವಳಿಗೆ ಎಷ್ಟು ಕಷ್ಟವಾಗಿರಬೇಕೆಂದು ನನಗೆ ಗೊತ್ತು. ಆದರೂ ಉತ್ತರ ಬರೆಯಲು ಕೂತಾಗಲೆಲ್ಲ ಕೈ ಓಡಲಿಲ್ಲ. ಸಂಜೆಯ ತರಗತಿಗೆ ಹೋಗುವುದನ್ನೂ ಬಿಟ್ಟೆ.

ಮೊನ್ನೆ ಫೋನಿನಲ್ಲಿ ಅಕ್ಕ ಕೇಳಿದಳು. "ತಪ್ಪು ಒಪ್ಕೊಂಡ್ಲು, ಹೆಸರೂ ಬರೆದ್ಲು. ಇನ್ನೇನು ಬೇಕು ಕಣೇ ನಿಂಗೆ?"

ಏನು ಬೇಕೆಂದು ನನಗೂ ತಿಳಿದಿಲ್ಲ. ಗೆಳತಿ ಇನ್ನೊಮ್ಮೆ ಏನಾದರೂ ಹೇಳಿದರೆ ನಂಬಲಾರೆ ಎಂಬುದಷ್ಟೇ ಗೊತ್ತು. ಅದನ್ನು ಅಕ್ಕನಿಗೆ ಹೇಳದೆ, ಅರಸೀಕೆರೆಯಲ್ಲಿ ಚಳಿ ಹೇಗಿದೆ ಎಂದು ಕೇಳಿದೆ.