ಅವ್ವನ ಮುಖದ ಅಗಲ

ನಮ್ಮಣ್ಣ ಮೊದಲು ಚೌಕಟ್ಟು ಕಟ್ಟಿಸಿದ, ಆಮೇಲೆ ಫೋಟೋ ಹುಡುಕಿದ. ನನ್ನ ಸಿಟ್ಟು ಅಲ್ಲಿಂದಲೇ ಶುರು. ಅವ್ವ ತೀರಿಕೊಂಡು ವರ್ಷ ತುಂಬುತ್ತಿತ್ತು. ಬಸವಕಲ್ಯಾಣದ ತವರುಮನೆಯಲ್ಲಿ ಅಪ್ಪನ ಫೋಟೋದ ಪಕ್ಕ ಅವಳದನ್ನೂ ಹಾಕಬೇಕಿತ್ತು. ಗಂಡ ಹೆಂಡಿರ ಚೌಕಟ್ಟು ಒಂದೇ ಅಳತೆಯ ಜೋಡಿಯಾಗಿಯೇ ಇರಬೇಕು ಎಂಬುದು ನಮ್ಮ ಕಡೆಯ ರೂಢಿ. ಅಪ್ಪ ಸ್ಟುಡಿಯೋದ ಸೋಫಾದ ಮೇಲೆ ಕೈ ಚಾಚಿ ಕೂತು ತೆಗೆಸಿಕೊಂಡವನು, ಅವನ ಚೌಕಟ್ಟು ಅಡ್ಡಕ್ಕೆ ಅಗಲ. ಅವ್ವನದು ಇದ್ದದ್ದು ಒಂದೇ, ಬ್ಯಾಂಕಿನ ಪಾಸ್‌ಬುಕ್ಕಿಗೆಂದು ತೆಗೆಸಿದ ಪಾಸ್‌ಪೋರ್ಟ್ ಸೈಜಿನದು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

ಅಣ್ಣ ಅದನ್ನು ಸ್ಕ್ಯಾನ್ ಮಾಡಿಸಿ, ತನ್ನ ಹೊಸ ಪ್ರಿಂಟರಿನಲ್ಲಿ ತಾನೇ ಮುದ್ರಿಸಿದ್ದ. ಚೌಕಟ್ಟು ತುಂಬಲಿ ಎಂದು ಎರಡೂ ಬದಿ ಹಿಡಿದು ಎಳೆದಿದ್ದ. ವರ್ಷದ ದಿನಕ್ಕೆ ವಾರವಿದೆ ಎನ್ನುವಾಗ ನಾನು ಹುಮನಾಬಾದಿನಿಂದ ಹೋದರೆ ಗೋಡೆಯ ಮೇಲೆ ಯಾರೋ ದುಂಡನೆಯ ಹೆಂಗಸು. ಗಲ್ಲ ಉಬ್ಬಿತ್ತು, ಕಣ್ಣು ಮಸುಕಾಗಿತ್ತು, ಹಣೆಯ ವಿಭೂತಿ ಕಿವಿಯ ತನಕ ಹರಿದಿತ್ತು.

"ಇದು ಯಾರು?" ಎಂದೆ.

"ಅವ್ವ. ಮೈತುಂಬಿ ಹ್ಯಾಂಗ ಚಂದ ಕಾಣಾಕತ್ತಾಳ ನೋಡು" ಎಂದ ಅಣ್ಣ.

ಅವ್ವ ಎಂದೂ ಮೈತುಂಬಿಕೊಂಡಿರಲಿಲ್ಲ. ಎಲ್ಲರ ಊಟವಾದ ಮೇಲೆ ಬುಟ್ಟಿಯಲ್ಲಿ ರೊಟ್ಟಿ ಉಳಿದಿದ್ದರೆ ತಿನ್ನುವಳು, ಇಲ್ಲದಿದ್ದರೆ ಪಲ್ಯದ ತಳ ಬಳಿದು ನೀರು ಕುಡಿಯುವಳು. ಬಡತನದಿಂದಲ್ಲ. ನಮ್ಮ ಮನೆಯ ಜೋಳದ ಚೀಲ ಯಾವತ್ತೂ ಬರಿದಾಗಿರಲಿಲ್ಲ. ನಿನಗೂ ಎರಡು ರೊಟ್ಟಿ ಬಡಿದುಕೋ ಎಂದು ಅವಳಿಗೆ ಹೇಳುವವರು ಇರಲಿಲ್ಲ, ಅಷ್ಟೆ. ಅಣ್ಣನಂತೂ ತಾಟು ಮುಂದೆ ಚಾಚಿ ಇನ್ನೊಂದು ಹಾಕು ಎನ್ನುವುದನ್ನು ಮಾತ್ರ ಕಲಿತಿದ್ದ.

ಆ ಚಿಕ್ಕ ಫೋಟೋವನ್ನು ಅವನ ಕೈಯಿಂದ ಕಸಿದುಕೊಂಡೇ ಬಂದೆ. ಟ್ಯೂಷನ್ ಮಕ್ಕಳಿಗೆ ಪ್ರಶ್ನೆಪತ್ರಿಕೆ ತೆಗೆಯಲು ನನ್ನ ಮನೆಯಲ್ಲೂ ಪ್ರಿಂಟರ್ ಇದೆ. ಸ್ಕ್ಯಾನರಿನ ಗಾಜು ಒರೆಸಿ, ಸಾವಿರದ ಇನ್ನೂರು ಡಿಪಿಐನಲ್ಲಿ, ಅಂದರೆ ಇಂಚಿಗೆ ಅಷ್ಟು ಚುಕ್ಕೆಯಂತೆ, ಮತ್ತೆ ಸ್ಕ್ಯಾನ್ ಮಾಡಿದೆ. ಚಿಕ್ಕದನ್ನು ದೊಡ್ಡದು ಮಾಡಬೇಕಾದರೆ ಸ್ಕ್ಯಾನ್ ಮಾಡುವಾಗಲೇ ಹೆಚ್ಚು ಚುಕ್ಕೆ ಹಿಡಿಯಬೇಕು. ಆಮೇಲೆ ಎಷ್ಟು ಎಳೆದರೂ ಹಿಗ್ಗುವುದು ಮಸುಕೇ. ಉದ್ದದ ಜೊತೆಗೆ ಅಗಲವೂ ಅದೇ ಪ್ರಮಾಣದಲ್ಲಿ ಬದಲಾಗುವಂತೆ ಪರದೆಯ ಮೇಲಿನ ಸರಪಳಿಯ ಗುರುತನ್ನು ಒತ್ತಿದೆ. ಇಂಚಿಗೆ ಮುನ್ನೂರು ಚುಕ್ಕೆ ಉಳಿಸಿಕೊಂಡರೆ ಚಿಕ್ಕ ನೋಟ್‌ಬುಕ್ಕಿನಷ್ಟು ದೊಡ್ಡದು ಬರುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಅಲ್ಲಿಗೇ ನಿಲ್ಲಿಸಿ, ಚೌಕಟ್ಟಿಗೆ ಹೊಂದುವಷ್ಟು ಬಿಳಿ ಅಂಚು ಬಿಟ್ಟು, ದಪ್ಪ ಫೋಟೋ ಕಾಗದದ ಮೇಲೆ ಮುದ್ರಿಸಿದೆ. ಒಳಗೆ ಹೋದ ಗಲ್ಲ, ಕತ್ತಿನ ನರ ಎಲ್ಲ ಕಂಡಿತು. ಅತ್ತುಬಿಟ್ಟೆ.

ವರ್ಷದ ದಿನ ಅದನ್ನು ಒಯ್ದು ಕೊಟ್ಟರೆ ಅಣ್ಣ ಒಮ್ಮೆ ನೋಡಿ ಬೋರಲು ಹಾಕಿದ.

"ಇದು ಬ್ಯಾಡ. ಅಪ್ಪನ ಬಾಜೂಕ ಸಣ್ಣದು ಕಾಣ್ತದ."

"ಅವ್ವ ಸಣ್ಣನೇ ಇದ್ದಳಲ್ಲ?"

"ಬೀಗರು ಬಂದಾರ. ಮಕ್ಕಳು ಉಪವಾಸ ಕೆಡವಿದ್ರು ಅಂತಾರ. ಮನಿ ಮರ್ಯಾದಿ ಜರಾ ನೋಡು."

ಎಳೆದರೆ ಮುಖ ಉಬ್ಬುತ್ತದೆಂದು ಮೊದಲು ಅವನಿಗೆ ತಿಳಿಯದಿರಬಹುದು. ಗೋಡೆಯ ಮೇಲೆ ಉಳಿಸಿಕೊಂಡದ್ದು ಮಾತ್ರ ತಿಳಿದೂ ತಿಳಿದೂ. ಅವನ ಮಗಳನ್ನು ಕೊಡಂಬಲಕ್ಕೆ ಕೊಟ್ಟು ಆಗಿನ್ನೂ ನಾಲ್ಕು ತಿಂಗಳು, ಬೀಗರು ಅವ್ವನನ್ನು ಕಂಡವರೇ ಅಲ್ಲ. ಬೀಗಿತ್ತಿ ಗೋಡೆಯ ಕಡೆ ನೋಡಿ, "ಅತ್ತಿನ್ನ ಚಲೋ ನೋಡ್ಕೊಂಡೀರಿ ಬಿಡ್ರಿ" ಎಂದು ಅಣ್ಣನ ಹೆಂಡತಿಗೆ, ನಮ್ಮ ವೈನಿಗೆ, ಹೇಳಿದರು. ಪಕ್ಕದಲ್ಲಿದ್ದ ಅಣ್ಣ ತಲೆ ತಗ್ಗಿಸಿ ವಿನಯದಿಂದ ನಕ್ಕ.

ಮಂಗಳಾರತಿಯಾಯಿತು. ಹೋಳಿಗೆಯ ಎಡೆ ಇಟ್ಟು ಎಲ್ಲರೂ ಆ ಫೋಟೋಕ್ಕೆ ಕೈ ಮುಗಿದರು. ನಾನು ಮುಗಿಯಲಿಲ್ಲ.

"ಅವ್ವಗ ಎಡಿ ಇಟ್ಟೀವಿ, ಕೈ ಮುಗಿ" ಎಂದು ಅಣ್ಣ ಹಲ್ಲು ಕಚ್ಚಿ ಪಿಸುಗುಟ್ಟಿದ.

ಗೋಡೆಯ ಫೋಟೋದ ಕಡೆ ಕೈ ತೋರಿಸಿ, ಬೀಗರಿಗೆ ಕೇಳುವ ಹಾಗೆಯೇ ಹೇಳಿದೆ: "ಈಕಿ ಉಂಡಾಕಿ ಇದ್ದಾಳ, ಅಣ್ಣಾ. ನಮ್ಮವ್ವ ಇನ್ನೂ ಉಂಡಿಲ್ಲ."