ಶಾಲೆಯ ಕೋಣೆಗೊಬ್ಬ ಓನರಮ್ಮ

ಯುದ್ಧದಲ್ಲಿ ಮನೆ ಕಳೆದುಕೊಂಡ ನಾವು ಹೆಂಗಸರೆಲ್ಲ ಸೇರಿಕೊಂಡಿರುವ ಈ ಶಾಲೆಯ ಕೋಣೆಯಲ್ಲಿ ಓನರಮ್ಮನಿಗೆ ಸಿಕ್ಕಿದ್ದು ಚಾಪೆಯಷ್ಟು ಜಾಗ, ದರ್ಬಾರು ಮಾತ್ರ ಇಡೀ ಕೋಣೆಯದು. ಬಾಗಿಲು ಮೆಲ್ಲಗೆ ಮುಚ್ಚಬೇಕು, ಪಾತ್ರೆ ಕುಕ್ಕಬಾರದು, "ಗೋಡೆಗೆ ಮೊಳೆ ಹೊಡೆದ್ರೆ ಗಂಟುಮೂಟೆ ಕಟ್ಟಿಸ್ತೀನಿ!" ನಮ್ಮ ಮನೋಬಲ ಬೆಳೆಸಲು ಚಾರ್ಟು ಹಿಡಿದು ಬಂದ ಮೇಡಂಗೂ ವಿನಾಯಿತಿಯಿಲ್ಲ: "ಧೈರ್ಯ ಆಮೇಲೆ ಕಲಿಸೀರಂತೆ, ಮೊದ್ಲು ಚಪ್ಪಲಿ ಹೊರಗೆ ಬಿಡಿ." ಇನ್ನು ಬಾಡಿಗೆ ಕೇಳೋದೊಂದೇ ಬಾಕಿ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು. ಮೊನ್ನೆ ಹಸುಗೂಸಿನೊಂದಿಗೆ ಬಂದ ಹುಡುಗಿ, ಅಷ್ಟು ಜನರೆದುರು ಮೊಲೆಯೂಡಿಸಲಾಗದೆ, ಗೋಡೆಗೆ ಮುಖ ಮಾಡಿ ಕೂತಳು. ಓನರಮ್ಮ ಕಾವಲುಗಾರನಿಂದ ಸುತ್ತಿಗೆ ಇಸಿದುಕೊಂಡು, ತನ್ನ ಹೊದಿಕೆಯನ್ನೇ ಪರದೆಯಾಗಿ ಕಟ್ಟಲು ಮೊಳೆ ಹೊಡೆಯತೊಡಗಿದಳು. ಒಂದೊಂದು ಏಟಿನ ಸದ್ದಿಗೂ ಬೆಚ್ಚಿಬಿದ್ದು ಕಣ್ಣು ಮುಚ್ಚುತ್ತಿದ್ದಳು. ಸುತ್ತಿಗೆ ಮಾತ್ರ ಕೆಳಗಿಡಲಿಲ್ಲ.